ದರ್ಬಾರ್ ಪರದೆ

2025ರ ಫೆಬ್ರುವರಿ 3, ಸೋಮವಾರ, ಬೆಳಿಗ್ಗೆ 10.20. ಬಳ್ಳಾರಿ ಹಳೇ ಪೇಟೆಯ ಠಾಣೆಗೆ ಅಂಜನಾ, ವಯಸ್ಸು 39, ಬಂದು ಕೈಬರಹದ ದೂರು ಕೊಟ್ಟರು. ತಮ್ಮ ತಂದೆ ದಿವಂಗತ ಕೊಟ್ಟೂರಪ್ಪನವರು ಕಟ್ಟಿದ ಚಿತ್ರಶಾಲೆಯಿಂದ ಒಂದು ಪರದೆ ಕಳುವಾಗಿದೆ ಎಂಬುದು ದೂರಿನ ಸಾರಾಂಶ.

ಹೆಡ್ ಕಾನ್‌ಸ್ಟೆಬಲ್ ಮಾರೆಣ್ಣ ಓದಿ ನಕ್ಕ. "ಪರದೆ ಕಳುವಾತಂತ ಎಫ್‌ಐಆರ್ ಹಾಕೋದೇನ್ರಿ? ಕಿಟಕೀದಾ, ಬಾಗಲದಾ?"

"ನಾಟಕದ ಪರದೆ ರೀ. ಇಪ್ಪತ್ತೆರಡು ಅಡಿ ಅಗಲ, ಹದಿನಾರು ಅಡಿ ಎತ್ತರ. ಬಿಚ್ಚಿದ್ರ ನಿಮ್ಮ ಠಾಣಿಯಾಗ ಹಿಡಿಸಂಗಿಲ್ಲ."

ಮಾರೆಣ್ಣನ ನಗು ಅಲ್ಲಿಗೆ ನಿಂತಿತು. ಇನ್‌ಸ್ಪೆಕ್ಟರ್ ಸುಮಂಗಲಾ ದೂರನ್ನು ತಾವೇ ತೆಗೆದುಕೊಂಡು ಪ್ರಕರಣ ದಾಖಲಿಸಿ, ಹನ್ನೊಂದೂವರೆಗೆ ಸ್ಥಳ ಪಂಚನಾಮೆಗೆ ಹೊರಟರು.

ಚಿತ್ರಶಾಲೆ ಇದ್ದದ್ದು ಎರಡು ಜೀನ್ಸ್ ಅಂಗಡಿಗಳ ನಡುವೆ. ನಾಟಕದ ವಿಷಯದಲ್ಲಿ ಬಳ್ಳಾರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕನ್ನಡವೂ ಸೈ, ತೆಲುಗೂ ಸೈ; ಒಂದೇ ರಾತ್ರಿ ಎರಡನ್ನೂ ನೋಡಿ ಬೆಳಿಗ್ಗೆ ಹೋಟೆಲಿನಲ್ಲಿ ಕೂತು ಜಗಳವಾಡುವ ಊರು ಇದು. ಸಿರುಗುಪ್ಪದಿಂದ ಅನಂತಪುರದವರೆಗೆ ಯಾವ ಕಂಪನಿ ಬಂದರೂ ಕಾಡು, ಬೀದಿ, ಅರಮನೆಯ ಪರದೆಗಳು ಇಲ್ಲಿಂದಲೇ ಹೋಗಬೇಕಿತ್ತು. ಆಮೇಲೆ ಫ್ಲೆಕ್ಸ್ ಬಂತು. ಓಣಿಯ ಒಂದೊಂದೇ ಅಂಗಡಿ ಕೈ ಬದಲಾಯಿತು; ಚಿತ್ರಶಾಲೆ ಮಾತ್ರ ಬೈಕಿನ ನಂಬರ್ ಪ್ಲೇಟ್ ಬರೆದಾದರೂ ಬಾಗಿಲು ತೆರೆದಿತ್ತು. ಈಗ ಪಾಲಿಕೆಯವರಿಗೆ ಹಳೇ ಪೇಟೆಯ ನೆನಪಾಗಿದೆ. ಕಲ್ಲು ಹಾಸಿ, ದೀಪ ಹಾಕಿ, ಕಸುಬಿನ ಗುರುತಿರುವ ಕಟ್ಟಡಗಳನ್ನಷ್ಟೇ ಉಳಿಸಿ ಉಳಿದದ್ದನ್ನು ವಾಹನ ನಿಲುಗಡೆಗೆ ಕೆಡವುತ್ತಾರಂತೆ. 14ನೇ ತಾರೀಕು ಸಮಿತಿ ಬರುತ್ತದೆ.

"ಅವ್ರಿಗೆ ತೋರಸಾಕ ಆ ದರ್ಬಾರ್ ಪರದೆ ಒಂದ ಉಳದಿತ್ತು ಮೇಡಂ. ಅದಿಲ್ದಿದ್ರ ಇದು ಬರೀ ಹಳೇ ಗೋಡಿ," ಎಂದರು ಅಂಜನಾ.

"ಬೀಗ ಒಡದಿಲ್ಲ. ಕೀಲಿ ಯಾರ್‍ಯಾರ ಹತ್ರ ಐತಿ?"

"ನನ್ನ ಹತ್ರ ಒಂದು. ಇನ್ನೊಂದು ಅಪ್ಪನ ಕಾಲಕ್ಕ ಕಾಣದಂಗಾತು."

"ಹಳೇ ಕೆಲಸದವ್ರು?"

"ಜೋಗಪ್ಪ ತಾತ ಒಬ್ರು ಅದಾರ, ಬಾದನಹಟ್ಟ್ಯಾಗ. ನನ್ನ ಎತ್ತಿ ಆಡಿಸಿದೋರು. ಅವರ ಹೆಸರು ಎತ್ತಬ್ಯಾಡ್ರಿ."

ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿ ಕಳವು ಸ್ಪಷ್ಟವಾಗಿಯೇ ಇತ್ತು. ಭಾನುವಾರ ಮಧ್ಯಾಹ್ನ 2.15, ಪೇಟೆಗೆ ರಜೆ. ಆರು ಜನ ಹಮಾಲರು ಬಿದಿರಿಗೆ ಸುತ್ತಿದ ಪರದೆಯನ್ನು ಹೆಗಲ ಮೇಲೆ ಹೊತ್ತು ಲಾರಿಗೆ ಏರಿಸುತ್ತಾರೆ. ಮುಖಕ್ಕೆ ಟವೆಲ್ ಸುತ್ತಿದ ಒಬ್ಬ ಮುಂದೆ ನಿಂತು ಕೈಸನ್ನೆ ಮಾಡುತ್ತಾನೆ. ಲಾರಿಯ ನಂಬರ್ ಕಾಣುವುದಿಲ್ಲ. ಹಮಾಲರನ್ನು ಹುಡುಕಿ ಕೇಳಿದರೆ, "ನಾಟಕಕ್ಕ ಹೊಂಟೈತಿ ಅಂದ್ರು, ಖುಷಿ ಆತು, ಹೊತ್ವಿ" ಎಂದರು. ಹೊರಿಸಿದವ ಯಾರು, ಲಾರಿ ಎಲ್ಲಿಗೆ ಹೋಯಿತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಓಣಿಯಿಂದ ಪರದೆ ಹೊರಟಿತೆಂದು ಎದುರು ಮನೆಯ ಮುದುಕಿ ಕೈ ಮುಗಿದದ್ದೂ ಕ್ಯಾಮೆರಾದಲ್ಲಿತ್ತು.

ಆ ಪರದೆಯನ್ನು ಬಾಡಿಗೆಗೆ ಎರಡು ಸಲ ಕೇಳಿ ಇಲ್ಲವೆನ್ನಿಸಿಕೊಂಡವರು ಸಿರುಗುಪ್ಪದ ನಾಟಕದ ಮೇಷ್ಟ್ರು ಅಮರೇಶ್. 4ರಂದು ಸುಮಂಗಲಾ ಅಲ್ಲಿಗೆ ಹೋದರು. ಭಾನುವಾರ ಇಡೀ ದಿನ ಅಮರೇಶ್ ತೆಕ್ಕಲಕೋಟೆಯಲ್ಲಿ ತಾಲೀಮು ಮಾಡಿಸುತ್ತಿದ್ದರೆಂದು ಹತ್ತು ಜನ ಹೇಳಿದರು. ಹೊರಡುವಾಗ ಅವರೇ ಕೇಳಿದರು.

"ಮಡಚಿ ಒಯ್ದಾನ್ರೀ, ಸುತ್ತಿ ಒಯ್ದಾನ್ರೀ?"

"ಬಿದಿರು ಸಮೇತ, ಸುತ್ತಿ."

"ಹಂಗಾದ್ರ ಅವ ಪರದೆ ಬರೆಯೋ ಮನುಷ್ಯ. ಅದು ಸರೇಸು ಹಾಕಿ ಕಲಸಿದ ಬಣ್ಣ, ಮಡಚಿದ್ರ ಬಿರಿತೈತಿ. ಆದ್ರ ಆ ಪರದೆ ಹಳೇದು, ಸುತ್ತಿದ್ರೂ ಲಾರಿಯಾಗ ಕುಲುಕಿ ಎಲ್ಲ್ಯಾರ ಒಂದು ಕಡೆ ಬಿರಿದಿರತೈತಿ. ಬ್ಯಾರೆ ಕಳ್ಳ ಆಗಿದ್ರ ಬಿಡ್ತಿದ್ದ. ತಿದ್ದದ ಇವ ಬಿಡಂಗಿಲ್ಲ. ಸರೇಸು ತಗೊಳ್ಳಾಕ ಬಂದ ಬರ್ತಾನ."

ಸರೇಸೆಂಬ ಆ ಹಳೇ ಅಂಟನ್ನು ಬಳ್ಳಾರಿಯಲ್ಲಿ ಈಗ ಒಂದೇ ಅಂಗಡಿಯಲ್ಲಿ ಮಾರುತ್ತಾರೆ. ಮೂರು ದಿನ ಮಾರೆಣ್ಣ ಮಫ್ತಿಯಲ್ಲಿ ಎದುರಿನ ಮಿರ್ಚಿ ಬಂಡಿಯ ಹತ್ತಿರ ನಿಂತ, ಮಿರ್ಚಿಗೇನೂ ಕೊರತೆಯಾಗಲಿಲ್ಲ. 7ರ ಶುಕ್ರವಾರ ಬೆಳಿಗ್ಗೆ 11ಕ್ಕೆ ವಯಸ್ಸಾದ ಒಬ್ಬರು ಬಂದು ಕಾಲು ಕಿಲೋ ಸರೇಸು, ಒಂದು ಪೊಟ್ಟಣ ನೀಲಿ ಪುಡಿ ಕೊಂಡು ಕುರುಗೋಡು ಬಸ್ಸು ಹತ್ತಿದರು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಮಾರೆಣ್ಣನೂ ಕೂತ.

ಕುರುಗೋಡು ಠಾಣೆಗೆ ಮಾಹಿತಿ ಕೊಟ್ಟು, ಇಬ್ಬರು ಪಂಚರನ್ನೂ ಗುರುತು ಹಿಡಿಯಲು ಅಂಜನಾರನ್ನೂ ಕರೆದುಕೊಂಡು, ಸುಮಂಗಲಾ ಮಧ್ಯಾಹ್ನ 3.10ಕ್ಕೆ ಬಾದನಹಟ್ಟಿ ತಲುಪಿದರು. ಮಾರೆಣ್ಣ ಆ ಹಿರಿಯರ ಓಣಿಯ ಸಮುದಾಯ ಭವನದ ಮುಂದೆ ನಿಂತಿದ್ದ.

ಒಳಗೆ ಪರದೆ ತೂಗಿತ್ತು. ಕೆಂಪು ಕಂಬ, ಕಂಬದಾಚೆ ಕಂಬ, ಕೊನೆಗೆ ಸಿಂಹಾಸನ, ಅದರ ಹಿಂದೆ ನೀಲಿ ಆಕಾಶ. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಹೊಲದಿಂದ ಬಂದ ಹೆಂಗಸರು, ಗಂಡಸರು, ಐವತ್ತು ಜನ ನೆಲದ ಮೇಲೆ ಕೂತು ನೋಡುತ್ತಿದ್ದರು. ಏಣಿಯ ಮೇಲೆ ಜೋಗಪ್ಪ, ವಯಸ್ಸು 68, ಕುಂಚ ಹಿಡಿದು ನಿಂತಿದ್ದರು. ಅಂಜನಾ ಬಾಗಿಲಲ್ಲೇ ನಿಂತುಬಿಟ್ಟರು.

"ಇದನ್ನ ಎಲ್ಲಿಂದ ತಂದ್ರಿ?" ಸುಮಂಗಲಾ ಕೇಳಿದರು.

"ಚಿತ್ರಶಾಲೆಯಿಂದ."

"ಕೇಳಿ ತಂದ್ರಾ?"

"ಇಲ್ರಿ."

"ಕೀಲಿ?"

"ಧಣಿ ಕೊಟ್ಟಿದ್ರು. ಅವ್ರು ವಾಪಸ್ ಕೇಳಲಿಲ್ಲ, ನಾ ಕೊಡಲಿಲ್ಲ."

"ಇದು ಕಳವು. ಗೊತ್ತೈತಾ?"

"ಗೊತ್ತೈತ್ರಿ. ನೀವು ಬರೋದೂ ಗೊತ್ತಿತ್ತು. ಬೆರಳಷ್ಟು ಕೆಲಸ ಉಳದೈತಿ, ಮುಗಿಸಿ ಇಳಿಲೇನ್ರಿ?"

ಮಾರೆಣ್ಣ ಇನ್‌ಸ್ಪೆಕ್ಟರ ಮುಖ ನೋಡಿದ. ಸುಮಂಗಲಾ ಒಂದು ಕುರ್ಚಿ ಎಳೆದುಕೊಂಡು ಕೂತರು. ಇಪ್ಪತ್ತು ನಿಮಿಷ ಕಾದರು. ಬಣ್ಣ ಆರುವವರೆಗೂ ಯಾರೂ ಏಳಲಿಲ್ಲ.

ಪಂಚನಾಮೆಯಲ್ಲಿ ಪರದೆಗೆ ಆದ ಹಾನಿಯನ್ನು ಬರೆಯಬೇಕಿತ್ತು. ಬಿರುಕು ಎಲ್ಲಿದೆ ತೋರಿಸಿ ಎಂದು ಸುಮಂಗಲಾ ಅಂಜನಾರಿಗೆ ಹೇಳಿದರು. ಅಂಜನಾ ಈ ತುದಿಯಿಂದ ಆ ತುದಿಗೆ ನೋಡಿದರು, ಹತ್ತಿರ ಹೋಗಿ ನೋಡಿದರು, ಫೋನಿನ ಬೆಳಕು ಬಿಟ್ಟು ನೋಡಿದರು. ಸಿಗಲಿಲ್ಲ. ಕೊನೆಗೆ ಜೋಗಪ್ಪ ಕೋಲಿನಿಂದ ಆಕಾಶದ ಎಡಮೂಲೆಯಲ್ಲಿ ಒಂದೂವರೆ ಅಡಿಯ ಗೆರೆಯನ್ನು ಗಾಳಿಯಲ್ಲೇ ಎಳೆದು ತೋರಿಸಿದರು. ತೋರಿಸಿದ ಮೇಲೂ ಅದು ಕಾಣಲಿಲ್ಲ.

"ಬರದ ಕೈಯೇ ತಿದ್ದೈತಿ, ಅದಕ್ಕ ಕಾಣವಲ್ದು," ಎಂದು ಅಂಜನಾ ಮೆಲ್ಲಗೆ ಹೇಳಿದರು. "ಮೇಡಂ, ಇದನ್ನ ಅಪ್ಪ ಬರೀಲಿಲ್ಲ. ಇವರು ಬರದ್ರು, ಅಪ್ಪ ಸಹಿ ಹಾಕಿದ. ನನಗ ಗೊತ್ತಿತ್ತು. ಸಮಿತಿಗೆ ಪುಸ್ತಕ ಮಾಡಿಸುವಾಗ ಅಪ್ಪಂದೊಂದ ಹೆಸರು ಹಾಕಿಸಿದೆ. ಒಂದ ಮನೆತನದ ಕಸುಬು ಅಂದ್ರ ಚಂದ ಕಾಣತೈತಿ ಅಂದಕಂಡೆ. ತಪ್ಪಾತು ತಾತ."

ಜೋಗಪ್ಪ ಹೇಳಿಕೆ ಕೊಟ್ಟರು. ಆ ಪುಸ್ತಕ ಮೊಬೈಲಿಗೆ ಬಂದಿತ್ತು. ಮೊಮ್ಮಗಳು ನಂದಿನಿ, ಬಳ್ಳಾರಿಯ ಕಾಲೇಜಿನಲ್ಲಿ ಡಿಗ್ರಿ ಓದುವವಳು, ಎರಡು ಸಲ ಓದಿ ಕೇಳಿದಳು: "ತಾತ, ಇದರಾಗ ನಿನ್ನ ಹೆಸರ ಇಲ್ಲಲ್ಲ?" ಅವಳು ಸಣ್ಣವಳಿದ್ದಾಗಿನಿಂದ ದರ್ಬಾರ್ ಬರೆದ ಕತೆಯನ್ನು ಅವರು ನೂರು ಸಲ ಹೇಳಿದ್ದರು.

"ಹಂಗ ಕೇಳಿದಾಗ ನಾ ಸುಳ್ಳ ಆದೆ ನೋಡ್ರಿ," ಎಂದರು ಜೋಗಪ್ಪ. "ಎಲ್ಲಿ ಹೇಳಲಿ, ಯಾರಿಗೆ ಹೇಳಲಿ? ನಮ್ಮ ಓಣ್ಯಾಗ ತೂಗಿ ತೋರಸಬೇಕು ಅನ್ನಿಸ್ತು."

"ನಿಮ್ಮ ಹೆಸರು ಬರಕೋಬೇಕಿತ್ತಲ್ಲ? ಕುಂಚ ಕೈಯಾಗ ಇತ್ತು," ಎಂದರು ಸುಮಂಗಲಾ.

"ಧಣಿ ಸಹಿ ಐತಿ ಅಲ್ಲಿ. ಉಣ್ಣಾಕ ಹಾಕಿ ಕಲಿಸಿದ ಮನುಷ್ಯ. ಅದರ ಪಕ್ಕ ನಾನ ಬರಕೊಂಡ್ರ ಕಳ್ಳಸಹಿ ಆಗತೈತಿ. ನನ್ನ ಹೆಸರು ಬರೆಯಬೇಕಾದೋರು ಬರೀಬೇಕು."

ಪರದೆ ಈಗ ಮುದ್ದೆಮಾಲು. ನ್ಯಾಯಾಲಯದ ಆದೇಶವಿಲ್ಲದೆ ಹಿಂದಿರುಗಿಸುವಂತಿಲ್ಲ. ನೀವು ಸೋಮವಾರವೇ ಅರ್ಜಿ ಹಾಕಿ; ತಕರಾರಿಲ್ಲವೆಂದು ನಾನು ಬರೆದುಕೊಡುತ್ತೇನೆ ಎಂದು ಸುಮಂಗಲಾ ಅಂಜನಾರಿಗೆ ಹೇಳಿದರು. ಮುಂದೆ ಪರದೆ ವಾಪಸ್ ಸಿಕ್ಕಿತು, ಸಮಿತಿ ನೋಡಿತು, ಚಿತ್ರಶಾಲೆ ಉಳಿಯಿತು. ಹೊಸ ಪುಸ್ತಕವೂ ಅಚ್ಚಾಯಿತು. ಆದರೆ ಆ ಶುಕ್ರವಾರ ಇನ್ನೂ ಬಂಧನದ ಪತ್ರ ತುಂಬುವುದು ಬಾಕಿಯಿತ್ತು.

ಮಾರೆಣ್ಣ ಬರೆದು ಮುಂದಿಟ್ಟ. ಜೋಗಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪೆನ್ನು ಕೆಳಗಿಟ್ಟರು.

"ಸಹಿ ಹಾಕ್ರಿ ಯಜಮಾನ್ರ."

"ಕಳವು ಮಾಡ್ಯಾನ ಅಂತ ಬರದೀರಿ, ಅದು ಖರೆ. ಉದ್ಯೋಗ ಕೂಲಿ ಅಂತ ಬರದೀರಿ, ಅದು ಸುಳ್ಳು. ಸುಳ್ಳಿಗೆ ನಾ ಸಹಿ ಹಾಕಂಗಿಲ್ರಿ."

ಮಾರೆಣ್ಣನಿಗೆ ತಾನು ಯಾರನ್ನೂ ಕೇಳದೆ ಅದನ್ನು ಬರೆದದ್ದು ಆಗ ಗೊತ್ತಾಯಿತು. ಅವನು ತಲೆ ಎತ್ತಿ ಒಮ್ಮೆ ಪರದೆ ನೋಡಿದ. ಸುಮಂಗಲಾ ಏನೂ ಹೇಳುವ ಮೊದಲೇ ಹೊಸ ಹಾಳೆ ತೆಗೆದು, ಉದ್ಯೋಗದ ಮುಂದೆ ಚಿತ್ರಕಾರ ಎಂದು ದುಂಡಗೆ ಬರೆದ. ಜೋಗಪ್ಪ ಸಹಿ ಹಾಕಿದರು. ಸಮಯ ಸಂಜೆ 5.40.

ಬಂಧನದ ವಿಷಯ ತಿಳಿದ ಸಂಬಂಧಿಯ ಸಹಿಯೂ ಬೇಕಿತ್ತು. ಜನರ ನಡುವೆ ಕೂತಿದ್ದ ನಂದಿನಿ ಮುಂದೆ ಬಂದು ಪೆನ್ನು ಹಿಡಿದಳು. ಸಂಬಂಧ ಏನೆಂಬ ಜಾಗದಲ್ಲಿ ಮೊಮ್ಮಗಳು ಎಂದಷ್ಟೇ ಬರೆದರೆ ಸಾಕು ಎಂದ ಮಾರೆಣ್ಣ. ಅವಳು ಕೇಳಲಿಲ್ಲ. ಚಿತ್ರಕಾರ ಜೋಗಪ್ಪನವರ ಮೊಮ್ಮಗಳು ಎಂದು ಪೂರ್ತಿ ಬರೆದು, ಹಾಳೆಯನ್ನು ಇನ್‌ಸ್ಪೆಕ್ಟರ ಕೈಗೆ ಕೊಟ್ಟಳು.