ಕೆಂಪು ನೆಲ ಒಣಗುವ ಮುನ್ನ

"ಗೂಡಿನ ಕಮಾನು ಸೊಟ್ಟಗಿದೆ. ಕಿತ್ತು ಮತ್ತೆ ಮಾಡಿ," ಎಂದೆ.

ಕಮಾನು ಸೊಟ್ಟಗಿರಲಿಲ್ಲ. ಅದು ನನಗೂ ಗೊತ್ತಿತ್ತು.

ನೂಮಾನ್ ಕರಣೆ ಕೆಳಗಿಟ್ಟು ಗೋಡೆಯ ಗೂಡನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ರೆಪ್ಪೆಯ ಮೇಲೆ ಸುಣ್ಣದ ಪುಡಿ ಕೂತಿತ್ತು. ಒರೆಸಿಬಿಡೋಣ ಎಂದು ಕೈ ತವಕಿಸಿತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ.

"ಎಲ್ಲಿ ಸೊಟ್ಟ, ತೋರ್ಸಿ ನಿಶತ್ ಅವ್ರೇ."

"ನಿಮ್ಗೆ ಕಾಣಲ್ವಾ?"

"ನಂಗೆ ನಿಮ್ ಹಟ ಒಂದೇ ಕಾಣ್ತದೆ ಕಣ್ರೀ," ಎಂದು ನಗುತ್ತಲೇ ಕಮಾನು ಕಿತ್ತ.

ಹುಣಸೂರು ಬಜಾರಿನಲ್ಲಿ ಅಬ್ಬಾನ ಮರದ ಅಂಗಡಿಯ ಮೇಲೆ ನಮ್ಮ ಮಹಡಿ ಮನೆ. ಮದ್ರಾಸ್ ತಾರಸಿ, ಬಣ್ಣದ ಗಾಜಿನ ಕಿಟಕಿ, ನಡುಮನೆಗೆ ಕೆಂಪು ಗಾರೆ ನೆಲ. ಮನೆಯಲ್ಲಿ ನಾವು ಮಾತಾಡುವುದು ಉರ್ದು. ಜಗಳಕ್ಕೆ ಮಾತ್ರ ಕನ್ನಡ, ಅದಕ್ಕೆ ಅದೇ ಸರಿ.

ಕೆ.ಆರ್. ನಗರದ ಅಕ್ಕಿ ವ್ಯಾಪಾರಿಗಳ ಮನೆಯವರು ಮಗನಿಗೆ ನನ್ನನ್ನು ನೋಡಲು ಬಂದಿದ್ದರು. ಹೆಣ್ಣು ಒಪ್ಪಿಗೆಯಾಯಿತು, ಬಿರುಕು ಬಿಟ್ಟ ನೆಲ ಆಗಲಿಲ್ಲ. ಮನೆ ರಿಪೇರಿ ಮುಗಿದ ಮೇಲೆ ಬಂದು ನಿಕಾಹ್‌ಗೆ ದಿನ ಗೊತ್ತು ಮಾಡುತ್ತೇವೆ ಅಂದರು. ಅಬ್ಬಾ ನನ್ನನ್ನೊಂದು ಮಾತೂ ಕೇಳದೆ ಹೂಂ ಅಂದುಬಿಟ್ಟರು. ಟೈಲ್ಸ್ ಹಾಕಿಸಲು ಹೊರಟಾಗ ಅಡ್ಡ ಬಂದವರು ಅಬ್ಬಾನ ಅಮ್ಮ, ನನ್ನ ದಾದಿ ಗುಲ್ಜಾರ್ ಬೀ.

"ಇದ್ದಂಗೇ ಮಾಡ್ಸು. ನಾನು ಸೊಸೆಯಾಗಿ ಕಾಲಿಟ್ಟಿದ್ದು ಕೆಂಪು ನೆಲದ ಮೇಲೆ. ಹೋಗೋದೂ ಅದ್ರ ಮೇಲಿಂದಾನೇ."

ಹಳೇ ಮನೆಗಳನ್ನು ಹಳೇ ಥರವೇ ಮಾಡಿಕೊಡುವವನೆಂದು ಅಬ್ಬಾ ಪಿರಿಯಾಪಟ್ಟಣದಿಂದ ನೂಮಾನ್‌ನನ್ನು ಕರೆಸಿದರು. ಅವನು ಬಂದ. ನನ್ನ ನಿದ್ದೆ ಹೋಯಿತು.

ಮನೆ ಮುಗಿದರೆ ನನ್ನ ಕಥೆಯೂ ಮುಗಿಯಿತು. ಹಾಗಾಗಿ ಮುಗಿಯದ ಹಾಗೆ ನೋಡಿಕೊಂಡೆ. ಕಿಟಕಿಯ ಹಸಿರು ಗಾಜು ಮೊದಲಿನ ಹಸಿರಲ್ಲ ಅಂದೆ. ಗೋಡೆಯ ಬಣ್ಣ ಹಳದಿಯಾಯಿತು, ಮೊದಲು ಬೆಣ್ಣೆಯಂತಿತ್ತು ಅಂದೆ. ಅವನು ಮತ್ತೆ ಮತ್ತೆ ಮಾಡಿದ.

ಒಂದು ದಿನ ಚಹಾ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ನನ್ನ ಕಡೆ ಚಾಚಿದ.

"ಸಕ್ಕರೆ ಜಾಸ್ತಿ. ಕಿತ್ತು ಮತ್ತೆ ಮಾಡಿ."

ನಕ್ಕೆ. ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಅವನ ಅಪ್ಪ ತೀರಿಕೊಂಡಾಗ ಮೊದಲ ಕೆಲಸ ಕೊಟ್ಟವರು ನಮ್ಮ ಅಬ್ಬಾ. ಅವರೆದುರು ಅವನು ತಲೆಯನ್ನೇ ಎತ್ತುತ್ತಿರಲಿಲ್ಲ, ಇನ್ನು ಅವರ ಮಗಳನ್ನು ಕೇಳುತ್ತಾನೆಯೇ?

ಕೊನೆಗೆ ಉಳಿದದ್ದು ನಡುಮನೆಯ ನೆಲ.

ಕೆಂಪು ನೆಲವನ್ನು ಒಂದೇ ಸಲಕ್ಕೆ ಹಾಕಿ ಮುಗಿಸಬೇಕು. ನಡುವೆ ನಿಲ್ಲಿಸಿದರೆ ಬೆಸುಗೆ ಕಾಣುತ್ತದೆ. ಗಟ್ಟಿಯಾಗುವವರೆಗೆ ಯಾರೂ ಕಾಲಿಡಬಾರದು. ನೂಮಾನ್ ಒಳಕೋಣೆಯ ಹೊಸಿಲಿನಿಂದ ಶುರುಮಾಡಿ, ಕರಣೆಯಲ್ಲಿ ಉಜ್ಜುತ್ತಾ ಮೆಟ್ಟಿಲ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಿದ್ದ. ನಾನೂ ದಾದಿಯೂ ಒಳಕೋಣೆಯಲ್ಲಿದ್ದೆವು. ಅವನು ಸರಿದಷ್ಟೂ ಅವನಿಗೂ ನನಗೂ ನಡುವೆ ಹಸಿ ನೆಲ ಬೆಳೆಯುತ್ತಿತ್ತು.

ಮೆಟ್ಟಿಲ ಬಾಗಿಲು ಮುಟ್ಟಿ ಎದ್ದು ನಿಂತ.

"ಮುಗೀತು ನಿಶತ್ ಅವ್ರೇ. ನಾಳೆಯಿಂದ ಸರಗೂರಲ್ಲಿ ಕೆಲ್ಸ. ನೆಲ ಗಟ್ಟಿಯಾಗೋಕೆ ನೀರು ಕಟ್ಬೇಕಲ್ಲ, ಅದಕ್ಕೆ ಬೇರೆಯವ್ರು ಬತ್ತಾರೆ."

"ನೀವು?"

"ನಾನ್ಯಾಕೆ? ನಾನು ಮಾಡಿದ್ದು ಒಂದಾದ್ರೂ ನಿಮಗೆ ಹಿಡಿಸ್ತಾ? ನಿಮಗೆ ನನ್ನ ಕಂಡ್ರೆ ಆಗಲ್ಲ, ಅದು ಗೊತ್ತಾಯ್ತು ಬುಡಿ."

ಅಯ್ಯೋ ಅಲ್ಲಾಹ್, ಇಷ್ಟು ದಿನ ಇವನು ಅರ್ಥ ಮಾಡಿಕೊಂಡದ್ದು ಇದಾ? ಅವನು ಚಪ್ಪಲಿ ಮೆಟ್ಟಿ, ಸಾಮಾನು ಎತ್ತಿಕೊಂಡು ತಿರುಗಿದ. ಇಳಿದುಹೋದರೆ ಮತ್ತೆ ಸಿಗುವುದಿಲ್ಲ.

ನಾನು ಹಸಿ ನೆಲದ ಮೇಲೆ ಕಾಲಿಟ್ಟೆ.

"ಬೇಡ, ನಿಲ್ಲಿ," ಎಂದು ಅವನು ಕೂಗುವಷ್ಟರಲ್ಲಿ ನಡುಮನೆಯ ಮಧ್ಯಕ್ಕೆ ಬಂದಿದ್ದೆ. ಪಾದ ತಣ್ಣಗೆ ಹೂತುಕೊಳ್ಳುತ್ತಿತ್ತು.

"ಎಲ್ಲಾ ಹಿಡಿಸ್ತು ಕಣ್ರೀ," ಎಂದೆ. "ಕಮಾನು ಸರಿಯಾಗೇ ಇತ್ತು. ಗಾಜೂ ಅದೇ ಹಸಿರು. ಮುಗಿದ್ರೆ ನೀವು ಹೋಗ್ಬಿಡ್ತೀರ, ಕೆ.ಆರ್. ನಗರದವ್ರು ಬಂದ್ಬಿಡ್ತಾರೆ. ಅದಕ್ಕೇ ಸುಳ್ಳು ಹೇಳ್ದೆ. ನಂಗೆ ನೀವು ಬೇಕು."

ಅವನ ಕೈಯಿಂದ ಕರಣೆ ಜಾರಿ ಬಿತ್ತು. ಅದೇ ಹೊತ್ತಿಗೆ ಅವನ ಹಿಂದೆ ಅಬ್ಬಾ ಮೆಟ್ಟಿಲು ಹತ್ತಿ ಬಂದು ನಿಂತರು. ಒಳಕೋಣೆಯ ಹೊಸಿಲಿಂದ ನನ್ನವರೆಗೆ ಬಂದ ಹೆಜ್ಜೆಗಳನ್ನು ನೋಡಿದರು. ಅವು ಯಾರ ಕಡೆಗೆ ಹೊರಟಿದ್ದವು ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ನೂಮಾನ್," ಎಂದರು, ನನ್ನ ಮುಖ ನೋಡದೆ. "ಸರಿ ಮಾಡಕ್ಕಾಯ್ತದಾ?"

"ತೇಪೆ ಹಾಕಿದ್ರೆ ಕಾಣ್ತದೆ ಚಾಚಾ. ಪೂರ್ತಿ ಕಿತ್ತೇ ಮಾಡ್ಬೇಕು."

"ಮಾಡು ಮತ್ತೆ."

ಅವನು ತಲೆ ತಗ್ಗಿಸಿಕೊಂಡೇ ಇದ್ದ. ಎಂದಿನಂತೆ ಆಗಲಿ ಚಾಚಾ ಅನ್ನುತ್ತಾನೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅವನು ಚಪ್ಪಲಿ ಬಿಟ್ಟ. ಗಂಟೆಗಟ್ಟಲೆ ಮಂಡಿಯೂರಿ ಉಜ್ಜಿದ್ದ ತನ್ನದೇ ನೆಲದ ಮೇಲೆ ಕಾಲಿಟ್ಟು, ಒಂದೊಂದೇ ಹೆಜ್ಜೆ ಮೂಡಿಸುತ್ತಾ ನನ್ನ ಪಕ್ಕಕ್ಕೆ ಬಂದು ನಿಂತ.

"ನೀವು ಏನ್ ಹೇಳಿದ್ರೂ ಮಾಡಿದ್ದೀನಿ ಚಾಚಾ," ಎಂದ. "ಇವ್ರನ್ನ ಬೇರೆ ಮನೆಗೆ ಕಳ್ಸೋಕೆ ನೆಲ ಮಾಡ್ಕೊಡು ಅಂದ್ರೆ, ಇನ್ನು ನನ್ ಕೈ ಏಳಲ್ಲ."

ಅಬ್ಬಾ ಮೆಟ್ಟಿಲ ಮೇಲೆ ಕೂತರು. ಒಳಕೋಣೆಯ ಬಾಗಿಲಿಂದ ದಾದಿಯ ದನಿ ಬಂತು.

"ಅಬ್ದುಲ್ ರಹಮಾನ್, ಕೆ.ಆರ್. ನಗರಕ್ಕೆ ಫೋನ್ ಮಾಡು."

"ಮಾತು ಕೊಟ್ಟಿದ್ದೀನಿ ಅಮ್ಮೀ. ಏನಂತ ಹೇಳ್ಲಿ?"

"ನೆಲ ಹಾಳಾಗೋಯ್ತು, ಮತ್ತೆ ಮಾಡ್ಸಲ್ಲ ಅಂತ ಹೇಳು."

ಅಬ್ಬಾ ಎರಡು ಸಾಲು ಹೆಜ್ಜೆಗಳನ್ನೂ ಒಮ್ಮೆ ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿ ಫೋನ್ ತೆಗೆದರು.

ನಾನು ನೂಮಾನ್ ಕಡೆ ತಿರುಗಿದೆ. ಅವನ ರೆಪ್ಪೆಯ ಮೇಲೆ ಈಗ ಕೆಂಪು ಪುಡಿ ಕೂತಿತ್ತು. ದುಪಟ್ಟಾದ ತುದಿಯಿಂದ ಒರೆಸಿದೆ.