ಪಾರಿಜಾತ ಸವರಿದ ಬೆಳಗು

“ರೀ, ನಿಲ್ಸ್ರೀ! ಯಾಕ್ರೀ ಕಡೀತಾ ಇದ್ದೀರಾ?”

ಬಾಯಲ್ಲಿ ಬ್ರಷ್, ಹೆಗಲ ಮೇಲೆ ಟವೆಲ್. ಮಲ್ಲೇಶ್ ಹಿತ್ತಲಿನ ಕಾಂಪೌಂಡ್ ಗೋಡೆಯ ಹತ್ತಿರ ಓಡಿ ಬಂದ ಚೆಂದ ನೋಡಬೇಕಿತ್ತು. ಗೋಡೆಯಾಚೆ ಸ್ಟೂಲಿನ ಮೇಲೆ ನಿಂತಿದ್ದ ಶಿವರಂಜಿನಿ ಕತ್ತರಿ ಹಿಡಿದ ಕೈಯನ್ನು ಹಾಗೇ ತಡೆದು, ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

“ಮೊದ್ಲು ಬಾಯಿ ಒರೆಸ್ಕೊಳಿ. ಪೇಸ್ಟ್ ಗಲ್ಲಕ್ಕೆ ಇಳೀತಾ ಅದೆ.”

ಒರೆಸಿಕೊಂಡ. ಚಾಮರಾಜನಗರದ ಅರಿಶಿನದ ಮಂಡಿಯಲ್ಲಿ ದುಡಿಯುವವನ ಟವೆಲ್ ಅದು. ಬಿಳಿ ಹೋಗಿ ಗಲ್ಲವೆಲ್ಲ ಹಳದಿಯಾಯಿತು. ಶಿವರಂಜಿನಿ ಕಿಸಕ್ಕನೆ ನಕ್ಕಳು.

ಅವನಿಗೆ ಮಾತ್ರ ನಗು ಬರಲಿಲ್ಲ. ಭಾನುವಾರ ಅವಳನ್ನು ನೋಡಲು ಗುಂಡ್ಲುಪೇಟೆಯಿಂದ ಗಂಡಿನ ಕಡೆಯವರು ಬರುವ ಸುದ್ದಿ ಬೀದಿಗೆಲ್ಲ ಗೊತ್ತಿತ್ತು. ಹೋಗುವವಳು ಗಿಡವನ್ನೂ ಕಡಿದೇ ಹೋಗುತ್ತಿದ್ದಾಳೆ ಎಂದುಕೊಂಡಿದ್ದ.

“ಒಂಟೋಗೋರು ಗಿಡ ಯಾಕ್ ಸಾಯಿಸ್ತೀರಾ? ಆಗ್ಲೇ ಎಲೆ ಎಲ್ಲಾ ಉದುರೋಗದೆ.”

“ಪಾರಿಜಾತ ಕಣ್ರೀ ಇದು. ಬೇಸಿಗೆ ಬಂತು ಅಂದ್ರೆ ಎಲೆ ಉದುರಿಸ್ತದೆ. ಬೋಳಾದ್ರೆ ಸತ್ತೋಯ್ತು ಅಂತಲ್ಲ. ಈಗ ಸವರಿದ್ರೇ ಹೊಸ ಚಿಗುರು ಬರೋದು, ಚಿಗುರಲ್ಲೇ ಹೂವು ಬುಡೋದು.”

ಕೊಂಬೆಯಲ್ಲಿ ಚಿಗುರೊಡೆಯುವ ಕಣ್ಣನ್ನು ಬೆರಳಿನಿಂದ ತಡವಿ, ಅದರ ತುಸು ಮೇಲೆ ಓರೆಯಾಗಿ ಕತ್ತರಿಸಿದಳು. ರೇಷ್ಮೆ ಇಲಾಖೆಯವಳು, ಹಿಪ್ಪುನೇರಳೆ ತೋಟಗಳಲ್ಲಿ ಪಳಗಿದ ಕೈ. ಮಲ್ಲೇಶ್ ಕೊಂಬೆಯನ್ನು ನೋಡುವುದು ಬಿಟ್ಟು ಅವಳ ಬೆರಳುಗಳನ್ನು ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಯಿತು. ಕತ್ತರಿಯ ಸದ್ದು ಒಂದು ಗಳಿಗೆ ನಿಂತಿತು.

ಗಿಡ ನೆಟ್ಟವಳು ಅವಳೇ. ಅದು ಬೆಳೆದದ್ದು ಮಾತ್ರ ಎರಡೂ ಮನೆಗಳ ಕಡೆಗೆ. ನೆಲಕ್ಕೆ ಬಿದ್ದ ಮೇಲೂ ದೇವರಿಗೆ ಸಲ್ಲುವ ಹೂವು ಪಾರಿಜಾತ. ಗೋಡೆಯ ಈಚೆ ಉದುರಿದ್ದನ್ನು ಮಲ್ಲೇಶನ ತಾಯಿ ಶಾಂತಮಲ್ಲಮ್ಮ ಬೆಳಿಗ್ಗೆ ಬೆಳಿಗ್ಗೆ ಆಯ್ದುಕೊಂಡು ಲಿಂಗಪೂಜೆಗೆ ಇಡುತ್ತಿದ್ದರು. ಹೂವು ಒಳಗೆ ಹೋಗುತ್ತಿತ್ತು, ನೆಟ್ಟವಳು ಒಮ್ಮೆಯೂ ಹೋಗಿರಲಿಲ್ಲ. ಜಾತಿ ಬೇರೆ. ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ.

“ನಮ್ ಕಡೆ ಕೊಂಬೆ?” ಎಂದ.

“ಓದ್ಸಲ ನಾನೇ ಸವರ್ತೀನಿ ಅಂತ ಮಚ್ಚು ಎತ್ಕೊಂಡ್ರಲ್ಲ, ಏನಾಯ್ತು? ಕೊಂಬೆ ಸೀಳ್ಕೊಂಡು ಒಣಗೋಯ್ತು. ನಿಮ್ಮವ್ವಾರಿಗೆ ಪೂಜೆಗೆ ಹೂವೇ ಸಾಲ್ಲಿಲ್ಲ.”

“ಹಂಗಾದ್ರೆ ಗೋಡೆ ಮೇಲಿಂದ ನೀವೇ ಸವರ್ಬುಡಿ.”

“ಕೈ ಎಟುಕಲ್ಲ. ಆ ಕಡೆ ಬಂದೇ ಸವರ್ಬೇಕು.” ಅವಳು ಅವನ ಕಣ್ಣನ್ನೇ ನೋಡಿದಳು. “ಕರೀರಿ, ಬತ್ತೀನಿ.”

ಅವನು ಮನೆಯ ಕಡೆ ತಿರುಗಿ ನೋಡಿದ. ಅಷ್ಟಕ್ಕೇ ಶಿವರಂಜಿನಿಯ ಮುಖ ಬಾಡಿತು.

“ಭಾನ್ವಾರದವ್ರಿಗೆ ಏನ್ ಹೇಳನ ಅಂತ ದಿನಾ ನಿಮ್ ಮುಖ ನೋಡ್ತಾ ಇವ್ನಿ. ನೀವು ಗಿಡಕ್ಕೆ ನೀರಾಕಿದ್ರಾ, ಗೊಬ್ಬರ ಆಕಿದ್ರಾ ಅಂತೀರೇ ಹೊರ್ತು…”

“ಅವ್ವ ಒಪ್ಪಲ್ಲ, ರಂಜಿನಿ.”

“ಕೇಳಿದ್ರಾ?”

ಕೇಳಿರಲಿಲ್ಲ. ಅವ್ವನ ಪರವಾಗಿ ತಾನೇ ಇಲ್ಲ ಎಂದುಕೊಂಡು ಇಷ್ಟು ಕಾಲ ಬಾಯಿ ಮುಚ್ಚಿಕೊಂಡಿದ್ದ ಪುಣ್ಯಾತ್ಮ!

“ಇಲ್ಲ ಅನ್ನೋದನ್ನ ಅವ್ರ ಬಾಯಲ್ಲೇ ಕೇಳ್ತೀನಿ. ತಡ್ಕೋತೀನಿ. ನಿಮ್ ಬಾಯಲ್ಲಿ ಕೇಳಕ್ಕಾಗಲ್ಲ.” ಅವಳು ಕೊಂಬೆಯ ಕಡೆ ಮುಖ ತಿರುಗಿಸಿದಳು. ಕಣ್ಣು ತುಂಬಿತ್ತು.

ಮಲ್ಲೇಶ್ ಗೋಡೆಗೆ ಇನ್ನೂ ಹತ್ತಿರ ಬಂದ. ‘ನೀವು’ ಎನ್ನುವುದು ಯಾವಾಗ ಬಿಟ್ಟುಹೋಯಿತೋ ಅವನಿಗೇ ತಿಳಿಯಲಿಲ್ಲ.

“ಅಳ್ಬೇಡ ಕಣೇ. ನಂಗೆ ನೀನ್ ಬೇಕು. ಅದನ್ನ ಹೇಳಕ್ಕೆ ಹೆದರ್ಕೊಂಡು ಸತ್ತೆ, ಅಷ್ಟೇಯ.” ಮನೆಯ ಕಡೆ ತಿರುಗಿ, ಪಕ್ಕದ ಬೀದಿಗೂ ಕೇಳುವಂತೆ ಕೂಗಿದ: “ಅವ್ವಾ! ಶಿವರಂಜಿನಿ ಬತ್ತಾವ್ಳೆ. ಗಿಡ ಸವರಕ್ಕೆ ಮಾತ್ರ ಅಲ್ಲ. ನಾನು ಮದ್ವೆ ಅಂತಾದ್ರೆ ಇವ್ಳನ್ನೇ!”

ಕೂಗಿದವನೇ ಓಡಿಹೋಗಿ, ಹಿತ್ತಲಿಗೆ ಬರುವ ಸಂದಿಯ ಗೇಟಿನ ಚಿಲಕಕ್ಕೆ ಕೈ ಹಾಕಿದ.

ಹಣೆಯ ತುಂಬ ವಿಭೂತಿ ಧರಿಸಿದ್ದ ಶಾಂತಮಲ್ಲಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತರು. ಮಗನನ್ನು ನೋಡಿದರು. ಗೋಡೆಯಾಚೆ ಸ್ಟೂಲಿನ ಮೇಲೆ ತಲೆ ತಗ್ಗಿಸಿ ನಿಂತ ಹುಡುಗಿಯನ್ನು ಬಹಳ ಹೊತ್ತು ನೋಡಿದರು. ಮಲ್ಲೇಶನ ಕೈ ಚಿಲಕದ ಮೇಲೇ ಇತ್ತು.

“ಅಲ್ಲ ಕಣ್ಲಾ,” ಎಂದರು ಕೊನೆಗೆ, “ಹೆಣ್ಣನ್ನ ಮನೆಗೆ ಕರೆಯೋನು ಸಂದಿ ಗೇಟು ತೆಗೀತಿಯಾ? ಮುಂಬಾಗ್ಲಿಗೆ ಬರೇಳು.”

ಶಿವರಂಜಿನಿ ಬೀದಿ ಸುತ್ತಿ ಬಂದಳು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಹೊಸ್ತಿಲ ಮುಂದೆ ನಿಂತುಬಿಟ್ಟಳು. ಒಳಗೆ ನಿಂತಿದ್ದ ಶಾಂತಮಲ್ಲಮ್ಮನ ದನಿಯೂ ಅಷ್ಟೇನು ಗಟ್ಟಿಯಾಗಿರಲಿಲ್ಲ.

“ಬಲಗಾಲಿಟ್ಟು ಬಾ ಕಣಮ್ಮಿ.”