ಬಾವಿಯಿಂದ ಬಂದ ಗಡ್ಡೆ

ಗಡ್ಡೆಯಿಂದ ಗಿಡ ಎಬ್ಬಿಸುವುದರಲ್ಲಿ ರಾಯಚೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅರ್ಧ ಮರಳಲ್ಲಿ ಹೂತು ತಲೆ ಹೊರಗೆ ಬಿಟ್ಟರೆ ಗಡ್ಡೆ ಕೊಳೆಯುವುದೇ ಇಲ್ಲ. ಕಲ್ಲೂರಿನ ಸೋದರಮಾವ ಪರಮಣ್ಣ ಹಳೇ ಬಾವಿ ಮುಚ್ಚಿಸಿ ಅದರ ಮೇಲೆ ಖೋಲಿ ಕಟ್ಟಿಸಿದಾಗ ಅಲ್ಲಿನ ನೈದಿಲೆ ಗಡ್ಡೆ ತಂದು ನನ್ನ ಮೀನಿನ ತೊಟ್ಟಿಯಲ್ಲಿ ನೆಟ್ಟೆ. ಬೇಗನೇ ಚಿಗುರಿತು.

ಆದರೆ ಎಲೆಗಳು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕಲ್ಲೂರಿನ ದಿಕ್ಕಿಗೆ ಬಾಗಿದವು. ತೊಟ್ಟಿ ತಿರುಗಿಸಿಟ್ಟರೂ ಬೆಳಗಾಗುವಷ್ಟರಲ್ಲಿ ಮತ್ತೆ ಅತ್ತಲೇ. ಏಪ್ರಿಲ್ ಬಿಸಿಲಿನಲ್ಲೂ ಆ ನೀರು ಕೊರೆಯುತ್ತಿತ್ತು. ಮರಿಗಡ್ಡೆ ಬಿಡಿಸಿ ದೇವದುರ್ಗದ ತಂಗಿ ಯಶೋದಾಗೆ ಕೊಟ್ಟೆ.

"ಅಕ್ಕಾ, ಇಲ್ಲೂ ಕಲ್ಲೂರ ಕಡೀಗೇ ಬಾಗ್ಯಾವ," ಎಂದು ಫೋನ್ ಮಾಡಿದಳು.

ಅವ್ವ ಬಿಳಿಚಿಕೊಂಡಳು. "ನಮ್ಮ ತಮ್ಮ ನೀರಿನ ದೇವಿ ಗಂಗವ್ವಗ ಉಡಿ ತುಂಬದೇ ಬಾವಿ ಮುಚ್ಚಿಸ್ಯಾನ. ಒಯ್ದು ಅಲ್ಲೇ ಕೊಟ್ಟು ಬಾ."

ಗಿಡವನ್ನು ಗಾಜಿನ ಬಾಟಲಿಯಲ್ಲಿ ಒಯ್ದು ಆ ಖೋಲಿಯ ನೆಲದ ಮೇಲಿಟ್ಟೆ. ಎಲೆಗಳು ಯಾವ ಕಡೆಗೂ ಬಾಗಲಿಲ್ಲ. ಒಂದೊಂದಾಗಿ ಮಡಚಿಕೊಂಡು ನೇರ ಕೆಳಮುಖವಾದವು.

ಮಾವ ಅದನ್ನು ನೋಡಲೇ ಇಲ್ಲ. ಮೊಮ್ಮಗಳನ್ನು ಬರೀ ನೆಲದ ಮೇಲೆ ಮಲಗಿಸುತ್ತಾ ಹೆಮ್ಮೆಯಿಂದ ಹೇಳಿದ: "ಎಂಥಾ ಬಿಸಲಿದ್ರೂ ಈ ಖೋಲಿ ತಣ್ಣಗಿರತದ ನೋಡವ್ವಾ. ಕೂಸು ಇಲ್ಲಿಂದ ಏಳಾಕೇ ಒಲ್ಲದು."